ಕಪ್ಪು ಮಣ್ಣಿನ ಕಳ್ಳ

ದುಬೈಯ ಇಂಟರ್‌ನ್ಯಾಷನಲ್ ಸಿಟಿಯ ನಮ್ಮ ಮನೆಯ ಬಾಲ್ಕನಿಯಲ್ಲಿ ಒಂದು ಚಾಪೆ ಬಿಚ್ಚಿದರೆ ಜಾಗ ಮುಗಿಯಿತು. ಅಷ್ಟರಲ್ಲೇ ಟೊಮ್ಯಾಟೊ ಬೆಳೆಯುತ್ತೇನೆಂದು ಮಗಳು ಹಟ ಹಿಡಿದು, ಸೂಪರ್‌ಮಾರ್ಕೆಟ್ಟಿನಿಂದ ಒಂದು ಮೂಟೆ ಕುಂಡದ ಮಣ್ಣು ತಂದಳು. ಅದರ ಬಾಯಿ ಕತ್ತರಿಸಿದ್ದೇ ತಡ, ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದ ನನ್ನ ಮೂಗಿಗೆ ಆ ವಾಸನೆ ಬಂತು. ನೆನೆದ ಗೋಣಿಚೀಲದ್ದೂ ಹಳೆಯ ಟೀ ಚರಟದ್ದೂ ಸೇರಿದಂಥ ವಾಸನೆ. ಸಾಸಿವೆ ಸೀದುಹೋಯಿತು. ನಾನು ಸೌಟು ಹಿಡಿದುಕೊಂಡೇ ಬಾಲ್ಕನಿಗೆ ಬಂದೆ.

“ಅದು ಮಣ್ಣಲ್ಲ ಕಣೇ, ಸೌದೆ,” ಅಂದೆ.

“ಅಮ್ಮಾ ಪ್ಲೀಸ್! ಇಟ್ ಸೇಸ್ ಸಾಯಿಲ್,” ಎಂದು ಮಗಳು ಮೂಟೆಯ ಮೇಲಿನ ಅಕ್ಷರ ತೋರಿಸಿದಳು.

ಅಕ್ಷರ ಏನು ಬೇಕಾದರೂ ಹೇಳಲಿ. ಈ ಕಪ್ಪು ಪುಡಿಯನ್ನು ಮಣ್ಣೆಂದು ನಂಬಿದ್ದರಿಂದ ಒಬ್ಬ ನಿಯತ್ತಿನ ಮನುಷ್ಯ ಕಳ್ಳನೆನಿಸಿಕೊಂಡು ಊರಿಗೆ ಹೋಗಬೇಕಿತ್ತು. ಹೋಗಲಿಲ್ಲ. ಆ ಬೇಸಿಗೆಯನ್ನು ನೆನೆಸಿಕೊಂಡರೆ ಈಗಲೂ ನನಗೆ ಹೆಮ್ಮೆಯಾಗುತ್ತದೆ. ಹೆಮ್ಮೆಪಡುವುದರಲ್ಲಿ ನಾನು ಯಾವತ್ತೂ ಕಂಜೂಸಿ ಮಾಡಿದವಳಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ನಾವಾಗ ಅಬುಧಾಬಿಯಲ್ಲಿದ್ದೆವು. ಮಂಡ್ಯದ ಕಡೆಯವಳಾದ ನಾನು ಕೃಷಿ ಓದಿಕೊಂಡಿದ್ದೆ. ಗಂಡನ ವೀಸಾದಲ್ಲಿ ಬಂದು, ತೋಟಗಳಿಗೆ ಪೈಪು, ಗೊಬ್ಬರ ಮಾರುವ ಕಂಪನಿಯೊಂದರ ಪುಟ್ಟ ಲ್ಯಾಬಿನಲ್ಲಿ ಮಣ್ಣು, ನೀರು ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದ್ದೆ. ಪರೀಕ್ಷೆ ಅನ್ನುವುದು ದೊಡ್ಡ ಮಾತು. ಅಲ್ಲಿಗೆ ಬರುತ್ತಿದ್ದುದೆಲ್ಲ ಮರಳು, ಉಪ್ಪು, ಇಲ್ಲವೇ ಉಪ್ಪು ಬೆರೆತ ಮರಳು. ಹಾಗಿರುವಾಗ ಮೇ ತಿಂಗಳಲ್ಲಿ ಒಂದು ದಿನ ಒಬ್ಬ ಅರ್ಬಾಬರು ಬಂದು ಮೇಜಿನ ಮೇಲೆ ಎರಡು ಡಬ್ಬಿ ಇಟ್ಟರು. ಅರ್ಬಾಬ್ ಎಂದರೆ ಇಲ್ಲಿನವರ ಬಾಯಲ್ಲಿ ಯಜಮಾನ. ಎರಡು ಡಬ್ಬಿಯಲ್ಲೂ ಕಪ್ಪಗಿನ ಮಣ್ಣು.

“ಇದು ನನ್ನ ತೋಟದ್ದು. ಅದು ನರ್ಸರಿಯಿಂದ ಕೊಂಡದ್ದು,” ಎಂದರು ಹಿಂದಿಯಲ್ಲಿ. “ಎರಡೂ ಒಂದೇ ಅಂತ ಬರೆದುಕೊಡು. ನನ್ನ ಮ್ಯಾನೇಜರ್ ನನ್ನ ಮಣ್ಣು ಮಾರುತ್ತಿದ್ದಾನೆ.”

ಮರಳುಗಾಡಿನಲ್ಲಿ ಮಣ್ಣು ಕದಿಯುವ ಕಳ್ಳ! ಮಂಡ್ಯದವಳಿಗೆ ಇಂಥದ್ದು ಸಿಕ್ಕರೆ ಬಿಡುತ್ತಾಳೆಯೇ? ಎರಡೂ ಒಂದೇ ದೇಶದಿಂದ ಹಡಗಿನಲ್ಲಿ ಬಂದ ಮಾಲಿರಬಹುದು, ಅಷ್ಟರಿಂದಲೇ ಯಾರನ್ನೂ ಕಳ್ಳನೆನ್ನಲು ಬರುವುದಿಲ್ಲ, ತೋಟ ನೋಡಬೇಕು ಎಂದೆ. ಅವರು ಗಡಿಯಾರ ನೋಡಿಕೊಂಡು, “ಯಲ್ಲಾ, ಹೊರಡು,” ಎಂದರು.

ತೋಟ ಬನಿಯಾಸ್ ದಾಟಿದ ಮೇಲೆ, ಹೆದ್ದಾರಿಯಿಂದ ಒಳಗೆ. ಖರ್ಜೂರದ ಸಾಲು ಮುಗಿದಲ್ಲಿ ತಂತಿಬೇಲಿ, ಗೇಟು. ಒಳಗೆ ಕಾಲಿಟ್ಟವಳು ಹಾಗೇ ನಿಂತೆ. ಸುತ್ತ ಕಣ್ಣು ಕುಕ್ಕುವ ಬಿಳಿ ಮರಳು, ನಡುವೆ ಎರಡು ದೊಡ್ಡ ಹೊಂಡಗಳಲ್ಲಿ ಕಾಡಿಗೆಯಂಥ ಕಪ್ಪು ಹೊಲ. ಅರ್ಬಾಬರು ಒಮ್ಮೆ ಯುರೋಪಿಗೆ ಹೋದಾಗ ಜೌಗು ನೆಲದ ಕಪ್ಪು ಹೊಲಗಳಲ್ಲಿ ತೊಡೆ ಗಾತ್ರದ ಗೆಡ್ಡೆಗೋಸನ್ನು ಕಂಡು ಮರುಳಾಗಿದ್ದರಂತೆ. ಆ ಹೊಲವೇ ಬೇಕೆಂದು ಇಲ್ಲಿ ಸೊಂಟದಾಳ ಅಗೆಸಿ, ಸುತ್ತ ಕಾಂಕ್ರೀಟಿನ ಗೋಡೆ ಎಬ್ಬಿಸಿ, ತಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಸಿ, ಹಡಗಿನಲ್ಲಿ ತರಿಸಿದ ಪೀಟ್ ತುಂಬಿಸಿದ್ದರು. ಪೀಟ್ ಎಂದರೆ ನೀರು ನಿಂತ ನೆಲದಲ್ಲಿ ಪಾಚಿ, ಎಲೆ, ಬೇರುಗಳು ಪೂರ್ತಿ ಕೊಳೆಯಲಾರದೆ ನೂರಾರು ವರ್ಷ ಒಂದರ ಮೇಲೊಂದು ಕೂತು ಕಪ್ಪಾದದ್ದು. ಮೊದಲ ಚಳಿಗಾಲದಲ್ಲಿ ಹೊಲ ಗೋಡೆಯ ಅಂಚಿಗೆ ಸಮವಾಗಿತ್ತು. ಈಗ ಅಂಚಿನಿಂದ ಒಂದು ಗೇಣು ಕೆಳಗಿಳಿದಿತ್ತು.

“ಮಣ್ಣಿಗೆ ಕಾಲಿದೆಯಾ?” ಎಂದರು ಅರ್ಬಾಬರು. “ಕೀಲಿ ಇವನ ಹತ್ತಿರ. ಪಿಕಪ್ ಇವನ ಹತ್ತಿರ. ಮತ್ತೆ ಯಾರು?”

ಇವನು ಎಂದರೆ ಪಕ್ಕದಲ್ಲೇ ನಿಂತಿದ್ದ ಮ್ಯಾನೇಜರ್ ಫೆಲಿಕ್ಸಣ್ಣ. ಮಂಗಳೂರಿನ ಕಡೆಯ ಹೊಳೆದಂಡೆಯವರು, ಐವತ್ತರ ಆಸುಪಾಸು, ಕುತ್ತಿಗೆಯಲ್ಲಿ ಬೆವರಿಗೆ ಅಂಟಿಕೊಂಡ ಜಪಮಾಲೆ. ಬೇಲಿಯೇ ಎದ್ದು ಹೊಲ ಮೇಯ್ದ ಕತೆಗೆ ಈ ಮುಖ ಒಪ್ಪಲಿಲ್ಲ. ಆದರೆ ನನ್ನ ಬಳಿ ಬೇರೆ ಉತ್ತರವೂ ಇರಲಿಲ್ಲ. ಗೊತ್ತಿಲ್ಲ ಎಂದೆ. ಅರ್ಬಾಬರು ಬೇಸಿಗೆಗೆ ಮಕ್ಕಳೊಂದಿಗೆ ಪರದೇಶಕ್ಕೆ ಹೊರಡುವವರಿದ್ದರು. ಹೊರಡುವ ಮುಂಚೆ ತೀರ್ಪು ಕೊಟ್ಟರು. ಅಕ್ಟೋಬರಿಗೆ ವಾಪಸ್ ಬರುವಾಗ ಈ ಮಣ್ಣು ಒಂದು ಬೆರಳು ಇಳಿದಿದ್ದರೂ ಫೆಲಿಕ್ಸ್ ಖಲಾಸ್: ಪೊಲೀಸು, ವೀಸಾ ಕ್ಯಾನ್ಸಲ್, ವಿಮಾನ. ಪಾಸ್‌ಪೋರ್ಟು ಹೇಗೂ ಅವರ ಕಪಾಟಿನಲ್ಲೇ ಇತ್ತು.

ಅವರ ಕಾರಿನ ಧೂಳು ಅಡಗಿದ ಮೇಲೆ ಫೆಲಿಕ್ಸಣ್ಣ ಗೋಡೆಯ ಮೇಲೆ ಕೂತರು.

“ನೀವು ನಮ್ಮ ಕಡೆಯವರಾ ಮೇಡಂ?”

“ಕನ್ನಡದವಳು. ಮಂಡ್ಯದ ಕಡೆ.”

“ಎಂತ ಹೇಳುದು ನಿಮ್ಮತ್ರ. ಇಷ್ಟು ವರ್ಷ ಗಲ್ಫಿನಲ್ಲಿ ಇದ್ದೇನೆ, ಒಂದು ಮೂಲಂಗಿ ಸಹ ಕೇಳದೆ ತಿಂದವ ಅಲ್ಲ. ಕೆಲಸ ಹೋದ್ರೆ ಹೋಯ್ತು, ಅದು ಬೇರೆ. ಕಳ್ಳ ಅಂತ ಹೆಸರು ಹೊತ್ಕೊಂಡು ಊರಿನ ಇಗರ್ಜಿ ಮೆಟ್ಟಿಲು ಹತ್ತಲಿಕ್ಕೆ ನನ್ನಿಂದ ಆಗುದಿಲ್ಲ.”

ಆ ಮಾತು ನನ್ನನ್ನು ಮನೆಯವರೆಗೂ ಹಿಂಬಾಲಿಸಿತು. ನಮ್ಮೆಜಮಾನರಿಗೆ ಹೇಳಿದೆ. ಬ್ಯಾಂಕಿನ ಮನುಷ್ಯ, ಇಸ್ತ್ರಿ ಮಾಡಿದ ಅಂಗಿಯಂತೆಯೇ ಮಾತು ಕೂಡ. “ಯಾರ್ ಮಣ್ಣೋ, ಯಾರ್ ಕಳ್ಳನೋ. ನಿಂಗ್ಯಾಕೇ ಊರ ಉಸಾಬರಿ?” ಎಂದರು. ನನಗೆ ಬೇಕಿತ್ತು, ಅದಕ್ಕೇ.

ಜೂನ್ ಬಂತು. ಒಂದು ಶುಕ್ರವಾರ ಬೆಳಿಗ್ಗೆ ಫೆಲಿಕ್ಸಣ್ಣನ ಫೋನು. “ಮೇಡಂ, ಒಮ್ಮೆ ಬರ್ಲಿಕ್ಕೆ ಆಗ್ತದಾ? ನೆಲ ಹೊಗೆ ಬಿಡ್ತಾ ಉಂಟು.” ರಜೆಯ ದಿನದ ದೋಸೆಯನ್ನು ಅರ್ಧಕ್ಕೇ ಬಿಡಿಸಿ ನಮ್ಮೆಜಮಾನರನ್ನು ಕಾರಿಗೆ ಹತ್ತಿಸಿದೆ.

ಆದದ್ದು ಇಷ್ಟು. ಬೆಳೆ ಚೆನ್ನಾಗಿ ಬಂದರಾದರೂ ಅರ್ಬಾಬರ ಸಿಟ್ಟು ಇಳಿಯಬಹುದೆಂದು ಫೆಲಿಕ್ಸಣ್ಣ ಊರಿನಲ್ಲಿ ಅಪ್ಪ ಮಾಡುತ್ತಿದ್ದಂತೆ ಸುಡುಮಣ್ಣು ಮಾಡಲು ಹೊರಟಿದ್ದರು. ಕರಾವಳಿಯಲ್ಲಿ ತರಕಾರಿ ಸಾಲಿಗೂ ಮಲ್ಲಿಗೆ ಬುಡಕ್ಕೂ ಸುಡುಮಣ್ಣಿಲ್ಲದೆ ಆಗುವುದಿಲ್ಲ. ಒಣ ಸೊಪ್ಪುಸದೆ ರಾಶಿ ಹಾಕಿ, ಮೇಲೆ ಮಣ್ಣು ಮುಚ್ಚಿ, ಬೆಂಕಿಯಿಟ್ಟು ನಿಧಾನಕ್ಕೆ ಬೇಯಿಸುವುದು. ಮಣ್ಣು ಕೆಂಪಗೆ ಸುಟ್ಟು ಬೆಂಕಿ ತಾನಾಗಿ ಆರುತ್ತದೆ. ಇಲ್ಲಿ ಅವರು ಖರ್ಜೂರದ ಒಣಗರಿ ಒಟ್ಟಿ, ಹೊಂಡದೊಳಗೇ ಕಪ್ಪು ಮಣ್ಣು ಮುಚ್ಚಿ ಹಚ್ಚಿದ್ದರು. ಬೆಳಿಗ್ಗೆ ನೋಡಿದರೆ ಗುಡ್ಡೆ ಇದ್ದಲ್ಲಿ ಗುಂಡಿ! ಮುಚ್ಚಿದ ಮಣ್ಣೂ ಇಲ್ಲ, ಅದರಡಿಯ ಮಣ್ಣೂ ಇಲ್ಲ. ತಳದಲ್ಲಿ ಒಂದು ಹಿಡಿ ಬೂದಿ. ಜ್ವಾಲೆ ಎಲ್ಲೂ ಕಾಣದು, ಆದರೆ ಮಾರು ದೂರದಲ್ಲಿ ನೆಲದಿಂದ ಹೊಗೆಯ ಎಳೆ ಏಳುತ್ತಿತ್ತು. ಅಲ್ಲಿಗೆ ಬಕೆಟ್ಟು ನೀರು ಸುರಿದರೆ ಹೊಗೆ ಇನ್ನೊಂದು ಕಡೆ ಎದ್ದಿತು. ಕೆಲಸಗಾರರು ಕಕ್ಕಾಬಿಕ್ಕಿಯಾಗಿ ಓಡಾಡುತ್ತಿದ್ದರು. ನಮ್ಮೆಜಮಾನರು ಇಸ್ತ್ರಿ ಅಂಗಿಯಲ್ಲೇ ಬಕೆಟ್ಟು ಹಿಡಿದರು, ಆ ಪುಣ್ಯಕ್ಕೆ ಅವರ ಎಷ್ಟೋ ಕೊಸರಾಟಗಳನ್ನು ನಾನು ಮರೆತಿದ್ದೇನೆ.

ಗದ್ದಲಕ್ಕೆ ಅರ್ಬಾಬರ ತಂದೆ ಬಂದರು. ಎಲ್ಲರೂ ಅವರನ್ನು ಶೈಬಾ ಎನ್ನುತ್ತಿದ್ದರು, ಮುದುಕಪ್ಪ ಎಂದಂತೆ. ಮಗ ಪರದೇಶಕ್ಕೆ ಹೋದರೂ ಅವರು ಖರ್ಜೂರದ ನೆರಳು ಬಿಟ್ಟು ಕದಲುವವರಲ್ಲ. ಊರುಗೋಲಿನಿಂದ ಗುಂಡಿಯನ್ನು ಕೆದಕಿದರು, ಬೂದಿಯನ್ನು ಬೆರಳಲ್ಲಿ ಉಜ್ಜಿ ಮೂಸಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

“ಹತಬ್!” ಎಂದರು. ಅಂದರೆ ಸೌದೆ. ಹಿಂದಿ, ಅರಬಿ ಎರಡನ್ನೂ ಕಲಸಿ ಹೇಳಿದರು: “ನಾನು ಹುಡುಗನಾಗಿದ್ದಾಗ ಒಂದು ಹೊರೆ ಸೌದೆಗೆ ಇಡೀ ದಿನ ಒಂಟೆ ಹೊಡೆಯುತ್ತಿದ್ದೆವು. ನನ್ನ ಮಗ ಹಡಗುಗಟ್ಟಲೆ ಸೌದೆ ತರಿಸಿ ಅದರಲ್ಲಿ ಕೋಸು ನೆಟ್ಟಿದ್ದಾನೆ!”

ಓದುವಾಗ ಎಲ್ಲೋ ಒಂದು ಸಾಲಿನಲ್ಲಿ ಕಂಡು ಮರೆತದ್ದು ಆ ನಗುವಿನಿಂದ ಎದ್ದು ಕೂತಿತು. ಪೀಟ್ ಅಷ್ಟು ವರ್ಷ ಉಳಿದಿರುವುದೇ ನೀರಿನಲ್ಲಿ ಮುಳುಗಿರುವುದರಿಂದ. ನೀರು ಬಸಿದು ಗಾಳಿ ಹೊಕ್ಕರೆ ಅದು ಕೊಳೆಯುತ್ತದೆ, ಕೊಳೆತದ್ದು ಗಾಳಿಗೇ ಸೇರುತ್ತದೆ. ಬೆಂಕಿ ಒಂದು ರಾತ್ರಿಯಲ್ಲಿ ಮಾಡಿದ್ದನ್ನು ಅಬುಧಾಬಿಯ ಬಿಸಿಲು ದಿನಾ ಸದ್ದಿಲ್ಲದೆ ಮಾಡುತ್ತಿತ್ತು. ಅದಕ್ಕೆ ಫೆಲಿಕ್ಸಣ್ಣನ ಶ್ರದ್ಧೆ ಬೇರೆ ಸೇರಿತ್ತು. ಬೇರು ಕೊಳೆಯದಿರಲೆಂದು ಹೊಂಡದ ತಳದಲ್ಲಿ ನೀರು ಬಸಿಯುವ ವಾಲ್ವನ್ನು ಸದಾ ತೆರೆದಿಡುತ್ತಿದ್ದರು. ಒಳ್ಳೆಯ ರೈತನ ಮಗನ ಹಾಗೆ ಬೆಳೆ ಬೆಳೆಗೂ ಆಳವಾಗಿ ಅಗೆಸಿ, ಮಣ್ಣನ್ನು ಬಿಸಿಲಿಗೆ ಬಿಚ್ಚಿಡುತ್ತಿದ್ದರು. ಸೋಮಾರಿಯಾಗಿದ್ದರೆ ಕಳ್ಳನೆನಿಸಿಕೊಳ್ಳುತ್ತಿರಲಿಲ್ಲ, ಪಾಪ.

“ವಾಲ್ವ್ ಮುಚ್ಚಿ! ಟ್ಯಾಂಕರ್ ನೀರೆಲ್ಲ ಬಿಡಿ!” ಎಂದು ಕೂಗಿದೆ. ಹೊಂಡ ಕೆಸರಾಗುವವರೆಗೆ ನೀರು ತುಂಬಿಸಿದೆವು. ಮಧ್ಯಾಹ್ನದ ಹೊತ್ತಿಗೆ ಕೊನೆಯ ಹೊಗೆಯೂ ಅಡಗಿತು.

ಮರುದಿನ ಲ್ಯಾಬಿನಲ್ಲಿ ಒಂದು ಬಟ್ಟಲು ಒಣ ಪೀಟನ್ನು ಕುಲುಮೆಯಲ್ಲಿಟ್ಟು ಸುಟ್ಟೆ. ಉಳಿದದ್ದು ಚಿಟಿಕೆ ಬೂದಿ. ಬಟ್ಟಲನ್ನು ಶೈಬಾ ಮುಂದಿಟ್ಟು, ಮಗನಿಗೆ ನೀವೇ ಹೇಳಿ ಎಂದೆ. ಮುದುಕಪ್ಪ ಅಡ್ಡಡ್ಡ ತಲೆಯಾಡಿಸಿದರು. “ಅವನು ಕಿವಿಯಿಂದ ನಂಬುವವನಲ್ಲ. ಕಣ್ಣಿಗೆ ತೋರಿಸು.”

ತೋರಿಸುವ ದಾರಿ ನನಗೆ ಹೊಳೆದಿತ್ತು, ಅಳುಕುತ್ತಲೇ ಫೆಲಿಕ್ಸಣ್ಣನಿಗೆ ಹೇಳಿದೆ. ಎರಡು ಹೊಂಡಗಳಲ್ಲಿ ಒಂದನ್ನು ನೀರು ಕಟ್ಟಿ ಕಾಪಾಡುವುದು. ಇನ್ನೊಂದನ್ನು ಮೊದಲಿನ ಹಾಗೆಯೇ ಬಸಿದು, ಅಗೆದು, ಬಿಸಿಲಿಗೆ ಬಿಡುವುದು. ಅಂದರೆ ಒಂದು ಕಡೆ ಮಣ್ಣು ಬೇಕೆಂದೇ ಇಳಿಯಲು ಬಿಡುವುದು.

ಫೆಲಿಕ್ಸಣ್ಣ ಬೆಚ್ಚಿಬಿದ್ದರು. “ಎಂತ ಮಾತು ಮೇಡಂ! ಒಂದು ಬೆರಳು ಇಳಿದ್ರೆ ನನ್ನನ್ನು ಪೊಲೀಸಿಗೆ ಕೊಡ್ತೇನೆ ಅಂದಿದ್ದಾರೆ. ಎರಡಕ್ಕೂ ನೀರು ಕಟ್ಟಿ ಬಿಡುವ. ಇಳಿಯುದೇ ಇಲ್ಲ, ಮುಗೀತಲ್ಲಾ?”

“ಇಳೀದಿದ್ರೆ ಏನಂತಾರೆ ಗೊತ್ತಾ ಅಣ್ಣ? ನಾನು ಬೆದರ್ಸಿದ್ಮೇಲೆ ಕದಿಯೋದು ಬಿಟ್ಟ ಅಂತಾರೆ. ಕೆಲಸ ಉಳಿಯುತ್ತೆ. ಕಳ್ಳ ಅನ್ನೋ ಹೆಸರು ಹೋಗುತ್ತಾ?”

ಅವರು ಜಪಮಾಲೆಯ ಮಣಿ ತಿರುಗಿಸುತ್ತ ಕಪ್ಪು ಹೊಲವನ್ನು ನೋಡಿದರು. ಆಮೇಲೆ ಸೊಂಟದಿಂದ ಗೇಟಿನ ಕೀಲಿ ಬಿಚ್ಚಿ ಶೈಬಾರ ಮಡಿಲಲ್ಲಿಟ್ಟರು. “ಇದು ನಿಮ್ಮತ್ರ ಇರ್ಲಿ, ಬಾಬಾ. ನೀವು ತೆಗೆದ್ರೆ ಒಳಗೆ ಹೋಗ್ತೇನೆ. ಬರುವಾಗ ನನ್ನ ಚಪ್ಪಲಿ ಸಹ ಕೊಡವಿಸಿ ನೋಡಿ.” ಆ ಕ್ಷಣದಲ್ಲಿ ಅವರ ಧೈರ್ಯಕ್ಕೆ ನನ್ನ ಕಣ್ಣು ತುಂಬಿತು.

ಎರಡೂ ಹೊಂಡಗಳ ಒಳಗೋಡೆಗೆ, ಮಣ್ಣಿನ ಮಟ್ಟಕ್ಕೆ ಸರಿಯಾಗಿ ಕೆಂಪು ಬಣ್ಣದ ಗೆರೆ ಎಳೆದೆವು. ಸುಟ್ಟ ಗುಂಡಿಯಿದ್ದದ್ದು ಒದ್ದೆ ಹೊಂಡದಲ್ಲಿ. ಅದಕ್ಕೆ ಹೊಸ ಪೀಟ್ ತರಿಸದೆ, ಕೊಳೆತ ಖರ್ಜೂರದ ಗರಿ, ಆಡಿನ ಗೊಬ್ಬರ ತುಂಬಿ ಸಮ ಮಾಡಿದೆವು. ಇನ್ನು ಅಲ್ಲಿ ಗುದ್ದಲಿ ಮುಟ್ಟುವಂತಿಲ್ಲ. ನೀರು ಮೇಲಿನಿಂದ ಒಂದು ಅಂಗೈ ಆಳದಲ್ಲಿ ಸದಾ ನಿಂತಿರಬೇಕು. ಅದನ್ನು ನೋಡಲು ಒಂದು ತೂತಿನ ಪೈಪು ಹುಗಿದೆವು. ನೆಲ ಬತ್ತಲೆ ಇರಕೂಡದು, ಮೇಲೆ ಗರಿಯ ಹೊದಿಕೆ, ಅದರ ಮೇಲೆ ನೆರಳಿನ ಬಲೆ. ಉಪ್ಪು ಕಟ್ಟದಂತೆ ಆಗಾಗ ಸಿಹಿನೀರು ಹಾಯಿಸಿ, ವಾಲ್ವ್ ತೆರೆದು ತೊಳೆದು, ಮತ್ತೆ ಮುಚ್ಚುವುದು.

“ಕಾಲು ನೀರಲ್ಲಿಟ್ಟುಕೊಂಡು ಎಂಥ ಬೆಳೆ ಬರ್ತದೆ ಇದ್ರಲ್ಲಿ?” ಎಂದು ಗೊಣಗುತ್ತಿದ್ದ ಫೆಲಿಕ್ಸಣ್ಣನೇ ಒಂದು ದಿನ ಬನಿಯಾಸಿನ ಮಲಯಾಳಿ ಅಂಗಡಿಯಿಂದ ಕೆಸುವಿನ ಗೆಡ್ಡೆ ತಂದರು. ಕೆಸುವಿಗೆ ಕೆಸರೆಂದರೆ ತವರುಮನೆ. ಅಂಚಿನಲ್ಲಿ ಶೈಬಾರ ಚಹಾಕ್ಕೆಂದು ಪುದೀನ ನೆಟ್ಟರು.

ಆ ಬೇಸಿಗೆ ಎಂಥದ್ದು! ಆಗಸ್ಟಿನಲ್ಲಿ ಸಮುದ್ರದ ಕಡೆಯಿಂದ ಹಬೆ ಬಂದು ಕನ್ನಡಕ ಮಂಜಾಗುತ್ತಿತ್ತು, ಕಾರಿನ ಸ್ಟಿಯರಿಂಗು ಮುಟ್ಟಿದರೆ ಅಂಗೈ ಚುರ್ ಎನ್ನುತ್ತಿತ್ತು. ಶುಕ್ರವಾರ ಬಂದರೆ ಜನ ಮಾಲಿಗೆ ಹೋಗಿ ತಣ್ಣಗೆ ಅಡ್ಡಾಡುವಾಗ ನಾವು ಗಂಡಹೆಂಡಿರು ಗೆರೆ ನೋಡಲು ಹೋಗುತ್ತಿದ್ದೆವು. ಶೈಬಾ ಗೇಟಿನ ಪಕ್ಕ ಗರಿಯ ಚಪ್ಪರ ಹಾಕಿಸಿಕೊಂಡು ಕಾಫಿಯ ಹೂಜಿಯೊಂದಿಗೆ ಪ್ರತಿಷ್ಠಾಪನೆಯಾಗಿದ್ದರು. ನನ್ನ ಕೈಚೀಲವನ್ನೂ ಬಿಡದೆ ತೆರೆಸಿ, “ಮಾಫಿ ಮಣ್ಣು? ಮಣ್ಣಿಲ್ಲ ತಾನೇ? ಹೋಗು,” ಎಂದು ನಗುತ್ತಿದ್ದರು. ಒಣ ಹೊಂಡದಲ್ಲಿ ಬೆಳಗಿನ ಗಾಳಿಗೆ ಕಪ್ಪು ಪುಡಿ ಏಳುತ್ತಿತ್ತು, ಗೆರೆಯ ಕೆಳಗೆ ಬೋಳು ಸಿಮೆಂಟು ಕಾಣತೊಡಗಿತು. ಅದು ಇಳಿದಷ್ಟೂ ಫೆಲಿಕ್ಸಣ್ಣನ ಮುಖವೂ ಇಳಿಯುತ್ತಿತ್ತು. ಒಮ್ಮೆಯಂತೂ ವಾಲ್ವಿನ ಮೇಲೆ ಕೈಯಿಟ್ಟು ನಿಂತಿದ್ದನ್ನು ಕಂಡೆ.

“ಮುಚ್ಚಿಬಿಡ್ಲಾ ತಂಗಿ? ಇನ್ನೂ ಸಮಯ ಉಂಟು.” ಮೊದಲ ಸಲ ತಂಗಿ ಎಂದಿದ್ದರು.

“ನಿಮ್ಮಿಷ್ಟ ಅಣ್ಣ,” ಎಂದೆ. ನಿಜವಾಗಿ ನನಗೂ ಹೆದರಿಕೆಯಾಗಿತ್ತು.

ಅವರು ಕೈ ತೆಗೆದರು. ಹಾಗೇ ನಡೆದು ಹೋಗಿ ಕೆಸುವಿನ ಎಲೆ ನೇವರಿಸಿದರು. ಆ ಎಲೆಗಳು ಅಷ್ಟರಲ್ಲಿ ಆನೆಯ ಕಿವಿಯಷ್ಟಾಗಿದ್ದವು.

ಅಕ್ಟೋಬರಿನಲ್ಲಿ ಅರ್ಬಾಬರು ಬಂದರು. ನಾನು ರಜೆ ಹಾಕಿ ಹೋಗಿದ್ದೆ. ಅವರು ನೇರವಾಗಿ ಒಣ ಹೊಂಡಕ್ಕೇ ನಡೆದರು. ಮಣ್ಣು ಗೆರೆಯಿಂದ ನಾಲ್ಕು ಬೆರಳು ಕೆಳಗಿತ್ತು. ಮುಖ ಕೆಂಪಾಯಿತು. “ಫೆಲಿಕ್ಸ್! ನಾನು ಏನು ಹೇಳಿ ಹೋಗಿದ್ದೆ? ಖಲಾಸ್. ನಡೆ!”

ಫೆಲಿಕ್ಸಣ್ಣ ಕದಲಲಿಲ್ಲ. “ಆ ಕಡೆಯದ್ದನ್ನೂ ನೋಡಿ, ಅರ್ಬಾಬ್,” ಎಂದರು ಅಷ್ಟೇ.

ಆ ಕಡೆ ಎಲೆ ಸರಿಸಿದರೆ ಮಣ್ಣು ಕೆಂಪು ಗೆರೆಯನ್ನು ಮುಟ್ಟಿಕೊಂಡೇ ನಿಂತಿತ್ತು. ಅರ್ಬಾಬರಿಗೆ ಅರ್ಥವಾಗಲಿಲ್ಲ. ಒಂದರಿಂದ ಕದ್ದು ಇನ್ನೊಂದನ್ನು ಯಾಕೆ ಬಿಟ್ಟ? ಆಗ ಚಪ್ಪರದಿಂದ ಶೈಬಾ ಊರುಗೋಲೂರಿ ಎದ್ದು ಬಂದರು. ಕುತ್ತಿಗೆಯಲ್ಲಿ ದಾರ ಕಟ್ಟಿ ನೇತುಹಾಕಿಕೊಂಡಿದ್ದ ಕೀಲಿಯನ್ನು ಮಗನ ಮೂಗಿನ ಮುಂದೆ ಹಿಡಿದರು.

“ಬೇಸಿಗೆಯೆಲ್ಲ ಈ ಗೇಟಿನ ಕೀಲಿ ನನ್ನ ಕೊರಳಲ್ಲಿತ್ತು. ನಾನು ತೆರೆಯದೆ ಒಂದು ಇರುವೆಯೂ ಹೊರಗೆ ಹೋಗಿಲ್ಲ. ನಾಲ್ಕು ಬೆರಳು ಮಣ್ಣು ಹೋಗಿದೆಯಲ್ಲ? ಹಾಗಾದರೆ ಕಳ್ಳ ನಾನೇ. ಕರೆ ಪೊಲೀಸರನ್ನು!”

ಅರ್ಬಾಬರು ತಂದೆಯನ್ನೊಮ್ಮೆ, ಎರಡು ಗೆರೆಗಳನ್ನೊಮ್ಮೆ ನೋಡಿದರು. ನಾನು ಬಿಡಲಿಲ್ಲ. ಒಣ ಹೊಂಡದ ಒಂದು ಹಿಡಿ ಪುಡಿಯನ್ನು ತಗಡಿನ ಮೇಲಿಟ್ಟು ಕಡ್ಡಿ ಗೀರಿ ಹಚ್ಚಿದೆ. ಅದು ಊದಿನಕಡ್ಡಿಯಂತೆ ಕೆಂಪಗೆ ತನ್ನನ್ನೇ ತಿನ್ನುತ್ತ ತಿನ್ನುತ್ತ ಬೂದಿಯಾಯಿತು. “ಅಲ್ಲಿದ್ದಾನೆ ನೋಡಿ ನಿಮ್ಮ ಕಳ್ಳ,” ಎಂದು ಆಕಾಶ ತೋರಿಸಿದೆ. ಅಷ್ಟು ನಾಟಕ ಬೇಕಿರಲಿಲ್ಲ ಎಂದು ನಮ್ಮೆಜಮಾನರು ಈಗಲೂ ಅನ್ನುತ್ತಾರೆ. ಬೇಕಿತ್ತು.

ಅರ್ಬಾಬರು ಬಗ್ಗಿ ತಂದೆಯ ಹಣೆಗೆ ಮುತ್ತಿಟ್ಟರು. ಆಮೇಲೆ ಎಲ್ಲರ ಎದುರಿನಲ್ಲೇ ಫೆಲಿಕ್ಸಣ್ಣನ ಹತ್ತಿರ ಹೋಗಿ, ಅವರ ಮಣ್ಣುಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. “ನನ್ನ ಮಾತು ಸುಳ್ಳಾಯಿತು. ಮನಸ್ಸಿನಲ್ಲಿಟ್ಟುಕೊಳ್ಳಬೇಡ,” ಎಂದರು. ದೊಡ್ಡ ಮನುಷ್ಯ, ಅಷ್ಟು ಜನರ ಮುಂದೆ ಹಾಗೆ ಹೇಳುವುದು ಸುಲಭವಲ್ಲ. ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಅಲ್ಲೇ ಇಳಿಯಿತು.

ಆ ವಾರವೇ ಎರಡನೆಯ ಹೊಂಡದ ವಾಲ್ವೂ ಮುಚ್ಚಿತು, ಇಳಿದ ಮಟ್ಟಕ್ಕೆ ಅಲ್ಲೂ ಹೊಸ ಕೆಂಪು ಗೆರೆ ಬಿತ್ತು. ಮತ್ತೆ ಆ ತೋಟಕ್ಕೆ ಪೀಟ್ ಬರಲಿಲ್ಲ. ನಮ್ಮ ಕಂಪನಿಗೆ ಪಂಪು ಮಾರಲು ಬರುತ್ತಿದ್ದ ಡಚ್ ಎಂಜಿನಿಯರನಿಗೆ ಈ ಕತೆ ಹೇಳಿದಾಗ ಅವನು ನಗಲಿಲ್ಲ. ಅವನ ಊರು ಇಡೀ ಇಂಥ ಕಪ್ಪು ನೆಲದ ಮೇಲಿದೆಯಂತೆ. ನೀರು ಬಸಿದು ಬಸಿದು ಹೊಲ ಇಳಿಯುತ್ತ, ಅವನಜ್ಜ ಮನೆಬಾಗಿಲಿಗೆ ಒಂದು ಮೆಟ್ಟಿಲು ಸೇರಿಸಿದ, ಅಪ್ಪ ಇನ್ನೊಂದು. “ನಮ್ಮಲ್ಲೂ ನಿಮ್ಮ ಮುದುಕಪ್ಪನಂಥವರು ಬೇಕಿತ್ತು,” ಎಂದ.

ಕೆಸುವಿನ ಎಲೆಯ ಸುದ್ದಿ ಬಾಯಿಂದ ಬಾಯಿಗೆ ಹರಡಿ, ನವೆಂಬರಿನ ಒಂದು ಶುಕ್ರವಾರ ದುಬೈ, ಶಾರ್ಜಾದಿಂದೆಲ್ಲ ಕರಾವಳಿಯವರು ಕಾರು ಕಟ್ಟಿಕೊಂಡು ತೋಟಕ್ಕೆ ಬಂದರು. ಅಲ್ಲಿಯೇ ಅಕ್ಕಿ ರುಬ್ಬಿ, ಎಲೆಗೆ ಸವರಿ, ಸುತ್ತಿ, ಬೇಯಿಸಿ ಪತ್ರೊಡೆ ಮಾಡಿದರು. ಶೈಬಾ ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿ ಅಗಿದು, “ಸೌದೆಯಲ್ಲಿ ಬೆಳೆದದ್ದಾ ಇದು?” ಎಂದು ಇನ್ನೊಂದು ತುಂಡಿಗೆ ಕೈ ಚಾಚಿದರು.

ಊಟವಾದ ಮೇಲೆ ಅರ್ಬಾಬರು ತಂದೆಯ ಕೊರಳಿನಿಂದ ಗೇಟಿನ ಕೀಲಿ ಬಿಡಿಸಿ ಫೆಲಿಕ್ಸಣ್ಣನಿಗೆ ನೀಡಿದರು. ಫೆಲಿಕ್ಸಣ್ಣ ಕೈ ಹಿಂದಕ್ಕೆ ಕಟ್ಟಿಕೊಂಡರು.

“ಈಗ ಬೇಡ ಅರ್ಬಾಬ್. ಒಂದು ವರ್ಷ ಬಾಬಾನ ಹತ್ರವೇ ಇರ್ಲಿ. ಎರಡನೇ ಹೊಂಡದ ಮಣ್ಣೂ ಗೆರೆಗೆ ನಿಲ್ಲಲಿ. ಮತ್ತೆ ತಗೊಳ್ತೇನೆ.”

ಎಂಥ ಸ್ವಾಭಿಮಾನ! ಶೈಬಾ ಮಗನ ಕೈಯಿಂದ ಕೀಲಿ ಕಿತ್ತುಕೊಂಡು, ಗೇಟಿನವರೆಗೆ ನಡೆದು ಹೋಗಿ ಬೀಗ ತೆಗೆದರು. ಬೀಗವನ್ನೂ ಕೀಲಿಯನ್ನೂ ಒಟ್ಟಿಗೇ ಬೇಲಿಯಾಚೆ ಮರಳಿಗೆ ಎಸೆದು, “ನನಗೆ ವಯಸ್ಸಾಯಿತು, ಇನ್ನು ಕಾಯಲಾರೆ,” ಎಂದು ಪತ್ರೊಡೆಯ ತಟ್ಟೆಗೆ ವಾಪಸಾದರು.

ಫೆಲಿಕ್ಸಣ್ಣ ಆಮೇಲೆ ಬಹಳ ವರ್ಷ ಅಲ್ಲೇ ಇದ್ದು, ತಲೆಯೆತ್ತಿಕೊಂಡು ಊರಿಗೆ ಹೋದರು. ಹೊರಡುವ ಮುಂಚೆ ನಾವೆಲ್ಲ ತೋಟಕ್ಕೆ ಹೋಗಿದ್ದೆವು. ಎರಡು ಹೊಂಡಗಳಲ್ಲೂ ಮಣ್ಣು ಗೆರೆಗೆ ಸರಿಯಾಗಿ ನಿಂತಿತ್ತು. ಗೇಟು ಹಾರುಹೊಡೆದಿತ್ತು. ಶೈಬಾ ಎಸೆದ ದಿನದಿಂದ ಅದಕ್ಕೆ ಯಾರೂ ಬೀಗ ಹಾಕಿರಲಿಲ್ಲ.